ತಪ್ಪು ದಫ್ತರದ್ದು, ದಂಡ ಸಿಪಾಯಿಗೆ

ಭಾರತೀಯ ಸೇನೆ ಒಬ್ಬ ಸಿಪಾಯಿಯನ್ನು ಗುರುತಿಸುವುದು ಅವನ ಹೆಸರಿನಿಂದಲ್ಲ, ನಂಬರಿನಿಂದ. ಆ ನಂಬರಿನ ಬಾಲಕ್ಕೆ ಒಂದು ಇಂಗ್ಲಿಷ್ ಅಕ್ಷರ ಅಂಟಿಕೊಂಡಿರುತ್ತದೆ. ಅದು ಅಲಂಕಾರಕ್ಕೆ ಇರುವುದಲ್ಲ. ಅಂಕಿಗಳನ್ನು ನಕಲು ಮಾಡುವಾಗ ಗುಮಾಸ್ತ ಒಂದು ಅಂಕಿ ತಪ್ಪಿದರೆ ಕೊನೆಯ ಅಕ್ಷರ ತಾಳೆಯಾಗುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಬರೆಯುವ ಕೈ ತಪ್ಪುತ್ತದೆ ಎಂಬ ವಿವೇಕ ಸೇನೆಗೆ ಮೊದಲಿನಿಂದಲೂ ಇದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಅದೇ ಸಿಪಾಯಿಯ ಹೆಸರು, ಹುಟ್ಟಿದ ದಿನ, ಹೆಂಡತಿಯ ಹೆಸರಿನ ವಿಷಯಕ್ಕೆ ಬಂದರೆ ಈ ವಿವೇಕ ಮಾಯವಾಗುತ್ತದೆ. ನಲವತ್ತು ವರ್ಷದ ಹಿಂದೆ ಭರ್ತಿ ಕೇಂದ್ರದಲ್ಲಿ ಯಾರೋ ಕಿವಿಗೆ ಬಿದ್ದಂತೆ ಬರೆದುಕೊಂಡ ಕಾಗುಣಿತವೇ ವೇದವಾಗುತ್ತದೆ. ಅದಕ್ಕೂ ಆಧಾರ್ ಕಾರ್ಡಿಗೂ ಒಂದಕ್ಷರ ವ್ಯತ್ಯಾಸ ಕಂಡರೆ ‘ಮ್ಯಾಚ್ ಆಗುತ್ತಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಮ್ಯಾಚ್ ಮಾಡಿಸುವ ಹೊಣೆ ನಿವೃತ್ತ ಹವಾಲ್ದಾರನದ್ದು. ಅವನು ತೀರಿಕೊಂಡಿದ್ದರೆ ಅವನ ವಿಧವೆಯದ್ದು. ಅವಳಿಂದಾಗದಿದ್ದರೆ ಪುಣೆಯಲ್ಲೋ ಹೈದರಾಬಾದಿನಲ್ಲೋ ನೌಕರಿಯಲ್ಲಿರುವ ಮಗನದ್ದು, ಮಗಳದ್ದು.

ಈ ವ್ಯವಸ್ಥೆ ತಲೆಕೆಳಗಾಗಿದೆ. ದಾಖಲೆ ಬರೆದದ್ದು ಸರ್ಕಾರ, ಇಟ್ಟುಕೊಂಡದ್ದು ಸರ್ಕಾರ, ಒಂದು ಕಚೇರಿಯಿಂದ ಇನ್ನೊಂದಕ್ಕೆ, ಕಾಗದದಿಂದ ಕಂಪ್ಯೂಟರಿಗೆ ಸಾಗಿಸಿದ್ದೂ ಸರ್ಕಾರ. ಹಾಗಿದ್ದ ಮೇಲೆ ತಿದ್ದುವ ಹೊಣೆಯೂ ಸರ್ಕಾರದ್ದೇ ಆಗಬೇಕು. ಸೇವಾ ದಾಖಲೆಯ ತಿದ್ದುಪಡಿ ಮಾಜಿ ಸೈನಿಕನಿಗೆ ತೋರಿಸುವ ಕೃಪೆಯಲ್ಲ. ಅದು ಅವನಿಗೆ ಬರಬೇಕಾದ ಬಾಕಿ.

ಒಂದು ‘ಎಚ್’ ಮಾಡುವ ಕೆಲಸ

ತಪ್ಪುಗಳು ಹುಟ್ಟುವ ಬಗೆಯನ್ನು ನೋಡಿದರೆ ಅವು ಯಾರ ಮೋಸವೂ ಅಲ್ಲ ಎಂಬುದು ತಿಳಿಯುತ್ತದೆ. ಕನ್ನಡದಲ್ಲಿ ‘ಲತಾ’ ಎಂಬ ಹೆಸರಿಗೆ ಒಂದೇ ಕಾಗುಣಿತ. ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಹೋದರೆ ದೇಶ ಎರಡಾಗುತ್ತದೆ. ದಕ್ಷಿಣದವರು ‘ತ’ಕಾರಕ್ಕೆ ‘ಟಿ’ಯ ಪಕ್ಕದಲ್ಲಿ ಒಂದು ‘ಎಚ್’ ಇಡುತ್ತಾರೆ, ‘ಟ’ಕಾರಕ್ಕೆ ಬರಿಯ ‘ಟಿ’. ಉತ್ತರದವರಿಗೆ ‘ತ’ಕಾರಕ್ಕೂ ಬರಿಯ ‘ಟಿ’ ಸಾಕು, ‘ಎಚ್’ ಬಂದರೆ ಅದು ‘ಥ’. ಲತಾ, ಸವಿತಾ, ಸುನೀತಾ, ಗೀತಾ, ಇಂಥ ಸಾಮಾನ್ಯ ಹೆಸರುಗಳೆಲ್ಲ ಈ ಗಡಿಯ ಮೇಲೆ ನಿಂತಿವೆ. ಊರಿನ ಶಾಲೆಯ ದಾಖಲೆಯಲ್ಲಿ ‘ಎಚ್’ ಇರುತ್ತದೆ. ಗಂಡನ ರೆಜಿಮೆಂಟಿನಲ್ಲಿ ಮದುವೆಯ ವಿವರ ದಾಖಲಿಸಿದ ಗುಮಾಸ್ತ ಬಿಹಾರದವನೋ ಹರಿಯಾಣದವನೋ ಆಗಿದ್ದರೆ ಅಲ್ಲಿ ‘ಎಚ್’ ಇರುವುದಿಲ್ಲ. ಇಬ್ಬರೂ ತಮ್ಮ ತಮ್ಮ ರೂಢಿಯಲ್ಲಿ ಸರಿಯಾಗಿಯೇ ಬರೆದಿದ್ದಾರೆ. ಕಂಪ್ಯೂಟರಿಗೆ ಮಾತ್ರ ಇವರು ಇಬ್ಬರು ಹೆಂಗಸರು.

ಯಲ್ಲಪ್ಪನನ್ನೇ ತೆಗೆದುಕೊಳ್ಳಿ. ಮಾತಿನಲ್ಲಿ ಕನ್ನಡಿಗರು ಪದದ ಮೊದಲಿನ ‘ಎ’ಕಾರವನ್ನು ‘ಯೆ’ ಎಂದೇ ಉಚ್ಚರಿಸುವುದರಿಂದ ಎಲ್ಲಪ್ಪ, ಯೆಲ್ಲಪ್ಪ, ಯಲ್ಲಪ್ಪ ಮೂರೂ ಒಬ್ಬನೇ. ಇಂಗ್ಲಿಷಿನಲ್ಲಿ ಅವನು ‘ವೈ’ನಿಂದ ಶುರುವಾಗಬಹುದು, ‘ಇ’ಯಿಂದ ಶುರುವಾಗಬಹುದು. ಮುಂದೆ ಒಂದು ‘ಎಲ್’ ಇರಬಹುದು, ಎರಡಿರಬಹುದು. ಒಂದು ‘ಪಿ’, ಎರಡು ‘ಪಿ’. ಲೆಕ್ಕ ಹಾಕಿದರೆ ಒಬ್ಬ ಯಲ್ಲಪ್ಪನಿಂದ ಎಂಟು ಯಲ್ಲಪ್ಪಂದಿರು ಹುಟ್ಟುತ್ತಾರೆ. ‘ಳ’ಕಾರಕ್ಕೆ, ‘ಣ’ಕಾರಕ್ಕೆ ಇಂಗ್ಲಿಷಿನಲ್ಲಿ ಜಾಗವೇ ಇಲ್ಲ. ಹೆಣ್ಣುಮಕ್ಕಳ ಹೆಸರಿನ ತುದಿಯಂತೂ ಊರಿಂದೂರಿಗೆ ಬದಲಾಗುತ್ತದೆ: ತವರಿನಲ್ಲಿ ಗೌರವ್ವ, ರೇಷನ್ ಕಾರ್ಡಿನಲ್ಲಿ ಗೌರಮ್ಮ, ಬೆಳಗಾವಿಯ ಕಡೆ ಯಾರೋ ಬರೆದಲ್ಲಿ ಗೌರಾಬಾಯಿ.

ಹೆಸರಿನ ಕ್ರಮವೂ ಹಾಗೆಯೇ. ಹಳೇ ಮೈಸೂರಿನವರದು ಇನಿಷಿಯಲ್ ಮುಂದೆ, ಹೆಸರು ಹಿಂದೆ. ಉತ್ತರ ಕರ್ನಾಟಕದವರದು ತಮ್ಮ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಕೊಡವರಲ್ಲಿ ಮನೆತನದ ಹೆಸರೇ ಮೊದಲು. ಇವರೆಲ್ಲರನ್ನೂ ‘ಫಸ್ಟ್ ನೇಮ್, ಮಿಡಲ್ ನೇಮ್, ಲಾಸ್ಟ್ ನೇಮ್’ ಎಂಬ ಮೂರು ಖಾನೆಗಳಿಗೆ ತುರುಕಿದರೆ ಯಾರು ಯಾವ ಖಾನೆಯಲ್ಲಿ ಬೀಳುತ್ತಾರೋ ದೇವರೇ ಬಲ್ಲ.

ಸೇನೆಯ ಅತ್ಯಂತ ಎತ್ತರದ ಹೆಸರುಗಳಲ್ಲೇ ಈ ಅಸ್ಥಿರತೆ ಕಾಣುತ್ತದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಇಂಗ್ಲಿಷ್ ಸಹಿಯಲ್ಲಿ ಕೊಡಂದೇರದ ‘ಕ’ಕಾರ ‘ಕೆ’ ಆಗಿದೆ, ಕಾರ್ಯಪ್ಪದ ‘ಕ’ಕಾರ ‘ಸಿ’ ಆಗಿದೆ. ಒಬ್ಬರೇ ಮನುಷ್ಯ, ಒಂದೇ ಅಕ್ಷರ, ಎರಡು ವೇಷ. ಅವರನ್ನು ಯಾರೂ ‘ನೀವು ಅದೇ ಕಾರ್ಯಪ್ಪನವರು ಎಂಬುದಕ್ಕೆ ನೋಟರಿ ಅಫಿಡವಿಟ್ ತನ್ನಿ’ ಎಂದು ಕೇಳಲಿಲ್ಲ. ಕೇಳುವುದು ಮಡಿಕೇರಿಯ ಪಕ್ಕದ ಹಳ್ಳಿಯ ನಾಯಕ್ ಕಾರ್ಯಪ್ಪನನ್ನು.

ತಿದ್ದುಪಡಿಯ ಯಾತ್ರೆ

ಜವಾನರ ದಾಖಲೆಗಳು ಆಯಾ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸುಗಳಲ್ಲಿರುತ್ತವೆ. ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಇಜಿಯದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ತೋಪಖಾನೆಯದು ನಾಸಿಕ್ ರೋಡ್‌ನಲ್ಲಿ, ಇಎಂಇಯದು ಸಿಕಂದರಾಬಾದ್‌ನಲ್ಲಿ, ಸಿಗ್ನಲ್ಸ್‌ನದು ಜಬಲ್‌ಪುರದಲ್ಲಿ. ಪಿಂಚಣಿಯ ಆದೇಶ ಹೊರಡುವುದು ಮಾತ್ರ ಪ್ರಯಾಗರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿಯಿಂದ.

ಹಾಗಾಗಿ ಒಂದು ಅಕ್ಷರ ಸರಿಯಾಗಬೇಕಾದರೆ ಅರ್ಜಿ ಮೊದಲು ರೆಕಾರ್ಡ್ ಆಫೀಸಿಗೆ ಹೋಗಬೇಕು. ಜೊತೆಗೆ ಆಧಾರ್, ಪ್ಯಾನ್, ಡಿಸ್ಚಾರ್ಜ್ ಬುಕ್ಕಿನ ನಕಲು, ಅಫಿಡವಿಟ್, ಎಷ್ಟೋ ಸಲ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತಿನ ತುಣುಕು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಸಹಿ. ರೆಕಾರ್ಡ್ ಆಫೀಸು ಒಪ್ಪಿದರೆ ‘ಪಾರ್ಟ್ ಟೂ ಆರ್ಡರ್’ ಹೊರಡಿಸುತ್ತದೆ. ಅದರ ಆಧಾರದ ಮೇಲೆ ಪ್ರಯಾಗರಾಜ್ ‘ಕೊರಿಜೆಂಡಮ್ ಪಿಪಿಒ’ ಎಂಬ ತಿದ್ದುಪಡಿ ಆದೇಶ ಕೊಡುತ್ತದೆ. ನಡುವೆ ಎಲ್ಲಾದರೂ ಒಂದು ಕಾಗದ ಕಡಿಮೆಯಾದರೆ ಕಡತ ಹಿಂದಕ್ಕೆ.

ಈಗ ಇದೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಬ್ಯಾಂಕುಗಳ ಕೈಯಲ್ಲಿದ್ದ ಪಿಂಚಣಿಯನ್ನು ನೇರವಾಗಿ ಖಾತೆಗೆ ಹಾಕುವ ಈ ವ್ಯವಸ್ಥೆಯ ಉದ್ದೇಶ ಒಳ್ಳೆಯದೇ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಮುಖ ನೋಡಿ ಗುರುತಿಸುತ್ತಿದ್ದ ಮನುಷ್ಯನ ಜಾಗಕ್ಕೆ ಅಕ್ಷರ ನೋಡಿ ಗುರುತಿಸುವ ಯಂತ್ರ ಬಂದಿತು. ದಶಕಗಳ ಕಾಲ ಯಾರ ಕಣ್ಣಿಗೂ ಬೀಳದೆ ಮಲಗಿದ್ದ ತಪ್ಪುಗಳು ಎದ್ದು ಕೂತವು. ವಿಚಿತ್ರವೆಂದರೆ ಕರ್ನಾಟಕದ ಆಧಾರ್ ಕಾರ್ಡಿನ ಮೇಲೆ ಹೆಸರು ಕನ್ನಡದಲ್ಲೂ ಅಚ್ಚಾಗಿರುತ್ತದೆ. ಅಲ್ಲಿ ಗೊಂದಲವೇ ಇಲ್ಲ. ತಾಳೆ ನೋಡುವವರು ಆ ಸಾಲನ್ನು ಬಿಟ್ಟು, ಗೊಂದಲವಿರುವ ಸಾಲನ್ನೇ ಓದುತ್ತಾರೆ.

ತಪ್ಪಿನಷ್ಟೇ ದೊಡ್ಡ ಸಮಸ್ಯೆ ಖಾಲಿ ಜಾಗದ್ದು. 80 ವರ್ಷ ತುಂಬಿದ ಪಿಂಚಣಿದಾರರಿಗೂ ಕುಟುಂಬ ಪಿಂಚಣಿದಾರರಿಗೂ ಮೂಲ ಪಿಂಚಣಿಯ ಶೇ. 20ರಷ್ಟು ಹೆಚ್ಚುವರಿ ಸಿಗಬೇಕು. 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರು ತುಂಬಿದರೆ ಪೂರ್ತಿ ಶೇ. 100. ಆದರೆ ಹಳೆಯ ಎಷ್ಟೋ ಪಿಪಿಒಗಳಲ್ಲಿ ಹೆಂಡತಿಯ ಹುಟ್ಟಿದ ದಿನವೇ ಇಲ್ಲ. ಶಾಲೆಯ ಮೆಟ್ಟಿಲು ಹತ್ತದ ಮುದುಕಿಗೆ ಎಂಬತ್ತಾಯಿತೋ ಇಲ್ಲವೋ ಎಂಬುದು ಊರಿಗೆಲ್ಲ ಗೊತ್ತು, ಕಡತಕ್ಕೆ ಗೊತ್ತಿಲ್ಲ. ದಾಖಲಿಸದೆ ಬಿಟ್ಟದ್ದು ದಫ್ತರ. ವರ್ಷಗಟ್ಟಲೆ ಹೆಚ್ಚುವರಿ ಕಳೆದುಕೊಳ್ಳುವ ಭಯ ಅವಳಿಗೆ.

ಜನರಲ್‌ಗೇ ಹೀಗಾದರೆ

ದಾಖಲೆಯ ತಪ್ಪು ಓದುಬರಹ ಬಾರದವರ ಪಾಡು ಎಂದುಕೊಳ್ಳುವವರು 2012ರ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಆಗ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಹುಟ್ಟಿದ ದಿನ ಸೇನೆಯ ಒಂದು ಶಾಖೆಯ ಕಡತದಲ್ಲಿ 1951ರ ಮೇ 10, ಇನ್ನೊಂದು ಶಾಖೆಯ ಕಡತದಲ್ಲಿ 1950ರ ಮೇ 10. ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ 1951 ಎನ್ನುತ್ತಿತ್ತು, ಎನ್‌ಡಿಎ ಪ್ರವೇಶಕ್ಕೆ ತುಂಬಿದ ಯುಪಿಎಸ್‌ಸಿ ಅರ್ಜಿ 1950 ಎನ್ನುತ್ತಿತ್ತು. ಹದಿಹರೆಯದಲ್ಲಿ ತುಂಬಿದ ಒಂದು ಅರ್ಜಿ ನಾಲ್ಕು ದಶಕ ಬೆನ್ನು ಹತ್ತಿತು. ಅಧಿಕಾರದಲ್ಲಿದ್ದ ಸೇನಾ ಮುಖ್ಯಸ್ಥರು ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಅವರು ನಿಜವಾಗಿ ಯಾವಾಗ ಹುಟ್ಟಿದರು ಎಂಬುದಲ್ಲ, ಸೇವಾ ದಾಖಲೆಯಲ್ಲಿ ಸರ್ಕಾರ ಯಾವ ದಿನವನ್ನು ಮಾನ್ಯ ಮಾಡಿದೆ ಎಂಬುದು. 2012ರ ಫೆಬ್ರುವರಿ 10ರಂದು ಅವರು ಅರ್ಜಿ ಹಿಂತೆಗೆದುಕೊಂಡರು. ಮೇ 31ರಂದು ನಿವೃತ್ತರಾದರು.

ಆ ಜಗಳದಲ್ಲಿ ಸರಿ ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಒಂದೇ ಸೇನೆಯ ಎರಡು ಶಾಖೆಗಳು ತಮ್ಮ ಮುಖ್ಯಸ್ಥರ ಬಗ್ಗೆಯೇ ಎರಡು ಸತ್ಯಗಳನ್ನು ದಶಕಗಳ ಕಾಲ ಕಾಪಾಡಿಕೊಂಡು ಬಂದವು ಎಂಬುದು ಮುಖ್ಯ. ಜನರಲ್‌ಗೆ ಹಿರಿಯ ವಕೀಲರಿದ್ದರು, ದೆಹಲಿಯಲ್ಲಿ ಮನೆಯಿತ್ತು, ಪತ್ರಿಕೆಗಳಿದ್ದವು. ಗದಗಿನ ನಿವೃತ್ತ ಲಾನ್ಸ್ ನಾಯಕನಿಗೆ ಏನಿದೆ? ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2007ರ ಕಾಯ್ದೆಯಿಂದ ಹುಟ್ಟಿ 2009ರಿಂದ ಕೆಲಸ ಮಾಡುತ್ತಿದೆ. ಅದರ ಪೀಠಗಳು ದೆಹಲಿ, ಚೆನ್ನೈ, ಕೊಚ್ಚಿ, ಮುಂಬೈ ಮುಂತಾದೆಡೆ ಇವೆ. ಇಷ್ಟೊಂದು ರೆಕಾರ್ಡ್ ಆಫೀಸುಗಳಿರುವ ಕರ್ನಾಟಕದಲ್ಲಿ ಕಾಯಂ ಪೀಠ ಇಲ್ಲ.

‘ಮೋಸ ತಡೆಯಬೇಡವೇ?’

ಬಿಗಿ ನಿಯಮಗಳ ಪರವಾಗಿ ಹೇಳುವ ಮಾತುಗಳಲ್ಲಿ ಹುರುಳಿಲ್ಲ ಎನ್ನಲಾಗದು. ಪಿಂಚಣಿ ಸಾರ್ವಜನಿಕರ ಹಣ. ಇನ್ನೊಬ್ಬಳ ಹೆಸರಿನಲ್ಲಿ ವಿಧವೆ ಎಂದು ಬರುವವರು ಇರಬಹುದು. ಹುಟ್ಟಿದ ದಿನವನ್ನು ಯಾವಾಗ ಬೇಕಾದರೂ ಬದಲಿಸಬಹುದಾದರೆ ನಿವೃತ್ತಿಗೆ ಅರ್ಥವಿರುವುದಿಲ್ಲ. ಕೇಂದ್ರ ಸರ್ಕಾರಿ ನೌಕರ ಕೆಲಸಕ್ಕೆ ಸೇರಿದ ಐದು ವರ್ಷದೊಳಗೆ ಹುಟ್ಟಿದ ದಿನದ ತಿದ್ದುಪಡಿ ಕೇಳಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 1993ರ ಹರನಾಮ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿದದ್ದು ಈ ಕಾರಣಕ್ಕೇ. ಹಳ್ಳಿಯ ಮೇಷ್ಟ್ರು ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆದ ‘ಜೂನ್ 1’ ಲಕ್ಷಾಂತರ ಕನ್ನಡಿಗರ ಹುಟ್ಟುಹಬ್ಬವಾಗಿದೆ. ಅವರೆಲ್ಲ ನಿವೃತ್ತಿಯ ಹಿಂದಿನ ವರ್ಷ ನಿಜವಾದ ತಾರೀಖು ಹುಡುಕಿಕೊಂಡು ಬಂದರೆ ಆಡಳಿತ ನಡೆಯದು.

ಸರಿ. ಆದರೆ ಈ ವಾದ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕುತ್ತದೆ. ಸೇವೆಯ ಅವಧಿಯನ್ನು ಹಿಗ್ಗಿಸಲು ಹುಟ್ಟಿದ ದಿನ ಬದಲಿಸುವುದು ಒಂದು. ಅಲ್ಲಿ ಕಾಲಮಿತಿ ಇರಲಿ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆದ ವ್ಯತ್ಯಾಸ ಇನ್ನೊಂದು. ಅಲ್ಲಿ ಯಾರಿಗೂ ಲಾಭವಿಲ್ಲ, ಇರುವುದು ನಷ್ಟ ಮಾತ್ರ. ದಫ್ತರವೇ ಖಾಲಿ ಬಿಟ್ಟ ಜಾಗವನ್ನು ತುಂಬುವುದು ಮೂರನೆಯದು. ಅದು ಬದಲಾವಣೆಯೇ ಅಲ್ಲ. ಮೊದಲನೆಯದರ ಮೇಲಿನ ಅನುಮಾನವನ್ನು ಉಳಿದೆರಡರ ಮೇಲೆ ಹೇರುವುದು ಅನ್ಯಾಯ.

ಇನ್ನು ಮೋಸದ ಮಾತು. ಒಬ್ಬ ಸೈನಿಕನ ಬಗ್ಗೆ ಸರ್ಕಾರದ ಬಳಿ ಇರುವಷ್ಟು ಗುರುತುಗಳು ಬೇರೆ ಯಾವ ಪ್ರಜೆಯ ಬಗ್ಗೆ ಇವೆ? ಸೇನಾ ನಂಬರು, ಮೈಮೇಲಿನ ಮಚ್ಚೆಯ ವಿವರ, ಬೆರಳಚ್ಚು, ಫೋಟೊ, ಬ್ಯಾಂಕ್ ಖಾತೆ, ಈಗ ಆಧಾರ್. ಇಷ್ಟೆಲ್ಲ ತಾಳೆಯಾಗಿ ಒಂದು ‘ಎಚ್’ ಮಾತ್ರ ಆಗದಿದ್ದರೆ ತಪ್ಪಿದ್ದು ‘ಎಚ್’ ಎಂದು ತಿಳಿಯಲು ಗುಪ್ತಚರ ಇಲಾಖೆ ಬೇಕಿಲ್ಲ. ನೋಟರಿಯ ಮುಂದೆ ಕೊಡುವ ಅಫಿಡವಿಟ್ಟಿನಿಂದ ಮೋಸಗಾರ ನಿಲ್ಲುವುದೂ ಇಲ್ಲ. ದುಡ್ಡು ಕೊಟ್ಟರೆ ಅದು ಅವನಿಗೂ ಸಿಗುತ್ತದೆ.

‘ಶೀಟ್ ರೋಲ್‌ಗೆ ಅವನೇ ಸಹಿ ಹಾಕಿದ್ದಾನಲ್ಲ’ ಎನ್ನುವವರೂ ಇದ್ದಾರೆ. ಹದಿನೆಂಟರ ಹುಡುಗ, ಕನ್ನಡ ಶಾಲೆಯಲ್ಲಿ ಓದಿದವನು, ಮೈದಾನದಲ್ಲಿ ಓಡಿ ದಣಿದು ಸಾಲಿನಲ್ಲಿ ನಿಂತಾಗ ಮುಂದಿಟ್ಟ ಇಂಗ್ಲಿಷ್ ಕಾಗದಕ್ಕೆ ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಅದನ್ನು ಒಪ್ಪಿಗೆ ಎನ್ನುವುದು ಕಾನೂನಿಗೆ ಹೊಂದಬಹುದು, ನ್ಯಾಯಕ್ಕೆ ಹೊಂದದು.

ದಾರಿ ಈಗಾಗಲೇ ಇದೆ

ಅನುಮಾನ ಬಂದಾಗ ಅದರ ಲಾಭ ಯಾರಿಗೆ ಹೋಗಬೇಕು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಒಂದು ಸಂದರ್ಭದಲ್ಲಿ ಉತ್ತರ ಕೊಟ್ಟಿದೆ. 2013ರ ಧರಮ್‌ವೀರ್ ಸಿಂಗ್ ಪ್ರಕರಣ ಅಂಗವೈಕಲ್ಯ ಪಿಂಚಣಿಯದ್ದು. ಸೇನೆಗೆ ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಅವನು ಆರೋಗ್ಯವಾಗಿಯೇ ಸೇರಿದ್ದ ಎಂದು ಭಾವಿಸಬೇಕು, ಕಾಯಿಲೆ ಸೇವೆಯಿಂದ ಬಂದದ್ದಲ್ಲ ಎಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದಿತು ನ್ಯಾಯಾಲಯ. ದಾಖಲೆಯ ಮೌನ ಸೈನಿಕನ ವಿರುದ್ಧ ಸಾಕ್ಷಿಯಾಗಬಾರದು ಎಂಬುದೇ ಅದರ ತಿರುಳು. ಕಾಯಿಲೆಗೆ ಸಲ್ಲುವ ಈ ನ್ಯಾಯ ಕಾಗುಣಿತಕ್ಕೆ ಯಾಕೆ ಸಲ್ಲಬಾರದು?

ಸರ್ಕಾರವೂ ಒಮ್ಮೆ ಹೀಗೆ ನಡೆದುಕೊಂಡಿದೆ. 2022ರ ಏಪ್ರಿಲ್‌ನಲ್ಲಿ ವಾರ್ಷಿಕ ಗುರುತಿನ ದೃಢೀಕರಣ ಆಗಿಲ್ಲವೆಂದು ಸುಮಾರು 58 ಸಾವಿರ ರಕ್ಷಣಾ ಪಿಂಚಣಿದಾರರ ಪಿಂಚಣಿ ನಿಂತಿತು. ಗದ್ದಲವಾದ ಕೂಡಲೇ, ಮೇ ಮೊದಲ ವಾರದಲ್ಲಿ, ಒಂದು ಬಾರಿಯ ವಿನಾಯಿತಿ ಕೊಟ್ಟು ಹಣ ಪಾವತಿಸಿದರು. ಮೊದಲು ಪಾವತಿ, ಆಮೇಲೆ ಪುರಾವೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಗದ್ದಲವಾದಾಗ ಸಾಧ್ಯವಾದದ್ದು ನಿಯಮವಾಗಿಯೇ ಇರಬೇಕಿತ್ತು.

ಅಮೆರಿಕದಲ್ಲಿ ಇದಕ್ಕೆಂದೇ 1946ರ ಕಾನೂನಿನಡಿ ಬೋರ್ಡುಗಳಿವೆ. ಸದಸ್ಯರು ಸೇನೆಯವರಲ್ಲ, ನಾಗರಿಕರು. ಕಾನೂನು ಅವರಿಗೆ ಎರಡು ಅಧಿಕಾರ ಕೊಟ್ಟಿದೆ: ದಾಖಲೆಯ ತಪ್ಪನ್ನು ತಿದ್ದುವುದು, ಅನ್ಯಾಯವನ್ನು ತೆಗೆದುಹಾಕುವುದು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು, ಆದರೆ ನ್ಯಾಯದ ಹಿತಕ್ಕಾಗಿ ವಿಳಂಬವನ್ನು ಮನ್ನಿಸಬಹುದು. 1973ರಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತಗಳು ಸುಟ್ಟಾಗ ಅಲ್ಲಿನ ಸರ್ಕಾರ ಬೇರೆ ಬೇರೆ ಕಚೇರಿಗಳ ಕಾಗದಗಳಿಂದ ಸೇವೆಯ ವಿವರಗಳನ್ನು ಮತ್ತೆ ಜೋಡಿಸುವ ಕೆಲಸಕ್ಕೆ ಇಳಿಯಿತು. ಅಲ್ಲೂ ವಿಳಂಬದ ದೂರುಗಳಿವೆ, ಅದು ಸ್ವರ್ಗವಲ್ಲ. ಆದರೂ ‘ಅನ್ಯಾಯ’ ಎಂಬ ಪದ ಕಾನೂನಿನಲ್ಲೇ ಇರುವುದಕ್ಕೆ ಬೆಲೆಯಿದೆ.

ಇಲ್ಲಿ ಬೆಂಕಿಯೂ ಬೇಕಿಲ್ಲ. ಪಿಂಚಣಿ ಇಲ್ಲದೆ ಸೇನೆ ಬಿಟ್ಟವರ ಸೇವಾ ದಾಖಲೆಗಳನ್ನು 25 ವರ್ಷಗಳ ನಂತರ ನಾಶಪಡಿಸಲು ಸೇನೆಯ ನಿಯಮಗಳೇ ಅವಕಾಶ ಕೊಡುತ್ತವೆ. ಆಮೇಲೆ ಆ ಮನುಷ್ಯನೋ ಅವನ ಹೆಂಡತಿಯೋ ಏನಾದರೂ ಕೇಳಿಕೊಂಡು ಬಂದರೆ ‘ದಾಖಲೆ ಇಲ್ಲ, ನೀವೇ ಸಾಬೀತುಪಡಿಸಿ’ ಎನ್ನಲಾಗುತ್ತದೆ. ಸುಟ್ಟವರೇ ಬೂದಿ ಕೇಳಿದಂತೆ. 2022ರಿಂದ ಸೇರುತ್ತಿರುವ ಅಗ್ನಿವೀರರಲ್ಲಿ ಮುಕ್ಕಾಲು ಪಾಲು ನಾಲ್ಕು ವರ್ಷಕ್ಕೆ ಪಿಂಚಣಿಯಿಲ್ಲದೆ ಹೊರಬರುವವರು. ಅವರ ದಾಖಲೆಗಳ ಆಯುಷ್ಯವೆಷ್ಟು ಎಂಬ ಪ್ರಶ್ನೆಯನ್ನು ಈಗಲೇ ಕೇಳಬೇಕು, 2050ರಲ್ಲಿ ಅಲ್ಲ.

ಆಗಬೇಕಾದದ್ದು

ಸೈನಿಕನ ಹೆಸರು, ಅವನ ಹೆಂಡತಿ ಮಕ್ಕಳ ಹೆಸರು ಅವರ ಮಾತೃಭಾಷೆಯ ಲಿಪಿಯಲ್ಲಿ ದಾಖಲೆಯ ಮೂಲವಾಗಿ ಇರಬೇಕು. ಇಂಗ್ಲಿಷ್ ರೂಪ ಅದರ ನೆರಳು. ನೆರಳು ಉದ್ದವೋ ಗಿಡ್ಡವೋ ಆದರೆ ಮನುಷ್ಯ ಬದಲಾಗುವುದಿಲ್ಲ.

ಸೇನಾ ನಂಬರು ಮತ್ತು ಬೆರಳಚ್ಚು ತಾಳೆಯಾದರೆ ಕಾಗುಣಿತದ ವ್ಯತ್ಯಾಸವನ್ನು ರೆಕಾರ್ಡ್ ಆಫೀಸು ತಾನಾಗಿಯೇ ಸರಿಪಡಿಸಬೇಕು. ಅಫಿಡವಿಟ್, ಜಾಹೀರಾತು ಬೇಡ. ಬೇರೆಯವನು ಎಂಬ ಅನುಮಾನವಿದ್ದರೆ ಅದನ್ನು ಕಾರಣ ಸಹಿತ ಬರೆದು ಕೊಡುವ ಹೊಣೆ ಕಚೇರಿಯದ್ದು.

ತಿದ್ದುಪಡಿ ಬಾಕಿಯಿರುವಾಗ ಪಿಂಚಣಿ ನಿಲ್ಲಬಾರದು. ಪ್ರತಿ ಅರ್ಜಿಗೂ ಕಾಲಮಿತಿ ಇರಬೇಕು, ಮೀರಿದರೆ ಬಡ್ಡಿ ಸೇರಿಸಿ ಬಾಕಿ ಕೊಡಬೇಕು. ನಿವೃತ್ತಿಯ ದಿನ ಸೈನಿಕನ ಇಡೀ ದಾಖಲೆಯನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ತಪ್ಪಿದ್ದರೆ ಅಲ್ಲೇ ತಿದ್ದಿ ಕಳಿಸಬೇಕು. ನಿರಾಕರಣೆಯನ್ನು ಪರಿಶೀಲಿಸಲು ಸೇನೆಯಿಂದ ಹೊರಗಿನವರ ಒಂದು ಮಂಡಳಿ ಬೇಕು.

ಇವೆಲ್ಲ ಆಗುವವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ಅಪ್ಪನ ಸೇವಾ ದಾಖಲೆಯ ನಕಲನ್ನು ಅವರು ಬದುಕಿರುವಾಗಲೇ ತರಿಸಿಕೊಳ್ಳುವುದು ಮೊದಲನೆಯದು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಅಮ್ಮನ ಹೆಸರು, ಹುಟ್ಟಿದ ದಿನ ಪಿಪಿಒದಲ್ಲಿ ಹೇಗಿದೆ ಎಂದು ನೋಡುವುದು ಎರಡನೆಯದು. ಅಪ್ಪನ ಸಹಿ ಇರುವಾಗ ತಿಂಗಳುಗಳಲ್ಲಿ ಮುಗಿಯಬಹುದಾದ ಕೆಲಸ ಅವರು ಹೋದ ಮೇಲೆ ವರ್ಷಗಳಿಗೆ ಎಳೆಯುತ್ತದೆ.

ಮೂರನೆಯದು ಸ್ವಲ್ಪ ಹಟದ ಕೆಲಸ. ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ಕೇಂದ್ರದ ಯಾವ ಅಧಿಕಾರಿಗೇ ಆಗಲಿ ದೇಶದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಉತ್ತರ ಅದೇ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ, ನಿಜ. ಆದರೂ ಗೌರವ್ವನ ಹೆಸರು ಯಾವುದು ಎಂಬ ಅರ್ಜಿಯನ್ನು ಆ ಹೆಸರು ತಪ್ಪದೆ ಬರೆಯಬಲ್ಲ ಭಾಷೆಯಲ್ಲೇ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಲಗತ್ತಿಸಿ ಕಳಿಸಬಹುದು. ನಾಸಿಕ್‌ನಲ್ಲೋ ಜಬಲ್‌ಪುರದಲ್ಲೋ ಒಬ್ಬ ಗುಮಾಸ್ತ ಆ ಕನ್ನಡದ ಹಾಳೆಯನ್ನು ಓದಲಾಗದೆ ಕೈಯಲ್ಲಿ ಹಿಡಿದು ಕೂರಲಿ. ನಲವತ್ತು ವರ್ಷದ ಹಿಂದೆ ಆ ಸಿಪಾಯಿ ಇಂಗ್ಲಿಷ್ ಕಾಗದವೊಂದನ್ನು ಹಿಡಿದು ನಿಂತದ್ದೂ ಹಾಗೆಯೇ. ಅವನು ಸಹಿ ಹಾಕಿ ನಂಬಿದ. ಈಗ ನಂಬುವ ಸರದಿ ದಫ್ತರದ್ದು.